ರಂಧ್ರಯುಕ್ತ ವಸ್ತುಗಳು, ವೇಗವರ್ಧನೆ ಮತ್ತು ನೀರಿನಿಂದ ಬಣ್ಣ ತೆಗೆಯುವ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಪ್ರಯೋಗಾಲಯದ ಕೆಲಸದ ಬಗ್ಗೆ ವಿದ್ಯಾರ್ಥಿಗಳು, ಬೇರೆ ವಿಭಾಗಗಳ ಅಧ್ಯಾಪಕರು ಮತ್ತು ಕುತೂಹಲದ ಓದುಗರು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಮೊದಲಿನವು ಎಲ್ಲರಿಗಾಗಿ, ಕೊನೆಯ ಭಾಗದವು ಈ ವಿಷಯದಲ್ಲಿ ಪ್ರಯೋಗಕ್ಕೆ ಕೈಹಾಕಿದವರಿಗಾಗಿ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು.

## ಆರಂಭದ ಪ್ರಶ್ನೆಗಳು

ರಂಧ್ರಯುಕ್ತ ವಸ್ತು ಅಂದರೆ ಸ್ಪಂಜಿನಂಥದ್ದೇ ತಾನೆ? ಅದರಲ್ಲಿ ಸಂಶೋಧನೆ ಮಾಡಲು ಏನಿದೆ?

ಸ್ಪಂಜಿನ ತೂತುಗಳು ಕಣ್ಣಿಗೆ ಕಾಣುತ್ತವೆ. ನಾವು ಕೆಲಸ ಮಾಡುವ ವಸ್ತುಗಳ ರಂಧ್ರಗಳು ಅಣುಗಳ ಗಾತ್ರಕ್ಕೆ ಹತ್ತಿರದವು. ಅವನ್ನು ಅಳೆಯುವ ಏಕಮಾನ ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಅಂತರರಾಷ್ಟ್ರೀಯವಾಗಿ ಒಪ್ಪಿಕೊಂಡಿರುವ ವಿಂಗಡಣೆಯ ಪ್ರಕಾರ 2 ನ್ಯಾನೋಮೀಟರಿಗಿಂತ ಕಿರಿದಾದವು ಸೂಕ್ಷ್ಮ ರಂಧ್ರಗಳು, 2ರಿಂದ 50ರವರೆಗಿನವು ಮಧ್ಯಮ ರಂಧ್ರಗಳು, ಅದಕ್ಕಿಂತ ದೊಡ್ಡವು ಬೃಹತ್ ರಂಧ್ರಗಳು. ಸ್ಪಂಜು ನೀರನ್ನು ತನ್ನ ಖಾಲಿ ಜಾಗದಲ್ಲಿ ಹಿಡಿದಿಟ್ಟುಕೊಳ್ಳುತ್ತದೆ, ಹಿಂಡಿದರೆ ಬಿಟ್ಟುಕೊಡುತ್ತದೆ. ನಮ್ಮ ವಸ್ತುಗಳಲ್ಲಿ ಮುಖ್ಯವಾಗುವುದು ಖಾಲಿ ಜಾಗಕ್ಕಿಂತ ಹೆಚ್ಚಾಗಿ ಅದರ ಸುತ್ತಲಿನ ಗೋಡೆ. ಒಂದು ನ್ಯಾನೋಮೀಟರಿನಷ್ಟು ಕಿರಿದಾದ ಓಣಿಯೊಳಗೆ ಹೊಕ್ಕ ಅಣುವನ್ನು ಎಲ್ಲ ಬದಿಯ ಗೋಡೆಗಳೂ ಏಕಕಾಲಕ್ಕೆ ಸೆಳೆಯುವುದರಿಂದ, ಸಮತಟ್ಟಾದ ಮೇಲ್ಮೈಯಲ್ಲಿ ನಿಲ್ಲದೆ ಜಾರಿಹೋಗುವ ಅಣುವೂ ಅಲ್ಲಿ ಅಂಟಿಕೊಂಡು ನಿಲ್ಲುತ್ತದೆ. ಆ ಗೋಡೆಯನ್ನು ಯಾವ ಪರಮಾಣುಗಳಿಂದ, ಯಾವ ಅಳತೆಯಲ್ಲಿ, ಯಾವ ವಿದ್ಯುದಂಶದೊಂದಿಗೆ ಕಟ್ಟಬೇಕು ಎಂಬುದರಲ್ಲೇ ಸಂಶೋಧನೆಯ ಬಹುಭಾಗ ಇದೆ.

ಒಂದು ಗ್ರಾಂ ಪುಡಿಯಲ್ಲಿ ಸಾವಿರ ಚದರ ಮೀಟರ್ ಮೇಲ್ಮೈ ಇದೆ ಅಂತೀರಲ್ಲ, ಅದನ್ನು ಯಾರು ಹೋಗಿ ಅಳೆದರು?

ಅಳೆಯುವುದು ಸಾರಜನಕದ ಅಣುಗಳು. ಪುಡಿಯನ್ನು ಮೊದಲು ನಿರ್ವಾತದಲ್ಲಿ ಬಿಸಿಮಾಡಿ ಒಳಗಿನ ತೇವವನ್ನೂ ಅನಿಲಗಳನ್ನೂ ಹೊರಗೆಳೆಯುತ್ತೇವೆ. ನಂತರ ಅದನ್ನು ದ್ರವ ಸಾರಜನಕದಲ್ಲಿ, ಅಂದರೆ ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿಸಿ, ಸಾರಜನಕ ಅನಿಲವನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತ ಎಷ್ಟು ಅನಿಲ ಮೇಲ್ಮೈಗೆ ಅಂಟಿತು ಎಂದು ಒತ್ತಡದ ಇಳಿಕೆಯಿಂದ ಲೆಕ್ಕ ಹಾಕುತ್ತೇವೆ. ಬ್ರೂನೌವರ್, ಎಮೆಟ್ ಮತ್ತು ಟೆಲ್ಲರ್ 1938ರಲ್ಲಿ ಕೊಟ್ಟ ಸಮೀಕರಣದಿಂದ, ಇಡೀ ಮೇಲ್ಮೈಯನ್ನು ಒಂದೇ ಪದರವಾಗಿ ಹೊದಿಸಲು ಎಷ್ಟು ಸಾರಜನಕ ಬೇಕು ಎಂದು ತಿಳಿಯುತ್ತದೆ. ಈ ಮೂವರ ಹೆಸರಿನ ಮೊದಲ ಅಕ್ಷರಗಳಿಂದಲೇ ಇದು ಬಿಇಟಿ ವಿಧಾನ. ಒಂದು ಸಾರಜನಕ ಅಣು 0.162 ಚದರ ನ್ಯಾನೋಮೀಟರ್ ಜಾಗ ಆವರಿಸುತ್ತದೆ ಎಂದು ಹಿಡಿದರೆ ಉಳಿದದ್ದು ಬರಿಯ ಗುಣಾಕಾರ. ಸಾವಿರ ಚದರ ಮೀಟರ್ ಎಂಬ ಸಂಖ್ಯೆ ಸಾರಜನಕಕ್ಕೆ ಎಟುಕುವ ಮೇಲ್ಮೈಯದು ಎಂಬುದನ್ನು ಮಾತ್ರ ಮರೆಯಬಾರದು. ಅದಕ್ಕಿಂತ ಎಷ್ಟೋ ದೊಡ್ಡದಾದ ಬಣ್ಣದ ಅಣುವಿಗೆ ಅಷ್ಟೂ ಎಟುಕಬೇಕೆಂದಿಲ್ಲ.

ನೀರಿಗೆ ಸ್ವಲ್ಪ ಬಣ್ಣ ಸೇರಿದರೆ ಅಂಥ ಹಾನಿ ಏನು? ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೇ ಅಲ್ಲವೇ?

ಲೀಟರಿಗೆ ಒಂದು ಮಿಲಿಗ್ರಾಂನಷ್ಟು ಬಣ್ಣವಿದ್ದರೂ ಅನೇಕ ಸಲ ಕಣ್ಣು ಅದನ್ನು ಗುರುತಿಸುತ್ತದೆ. ತೊಂದರೆ ನೋಟದ್ದು ಮಾತ್ರ ಆಗಿದ್ದರೆ ಇಷ್ಟು ಶ್ರಮ ಬೇಕಿರಲಿಲ್ಲ. ಬಣ್ಣದ ನೀರು ಬೆಳಕನ್ನು ತಾನೇ ಹೀರಿಬಿಡುವುದರಿಂದ ಕೆಳಗಿನ ಪಾಚಿ ಮತ್ತು ಜಲಸಸ್ಯಗಳಿಗೆ ಬಿಸಿಲು ತಲುಪುವುದಿಲ್ಲ, ದ್ಯುತಿಸಂಶ್ಲೇಷಣೆ ಕುಗ್ಗಿ ನೀರಿನಲ್ಲಿ ಕರಗಿದ ಆಮ್ಲಜನಕವೂ ತಗ್ಗುತ್ತದೆ. ಇದಕ್ಕಿಂತ ಗಂಭೀರವಾದದ್ದು ಕೆಲವು ಅಜೋ ಬಣ್ಣಗಳ ವಿಚಾರ: ಆಮ್ಲಜನಕವಿಲ್ಲದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಅವುಗಳ ಅಣುವಿನ ನಡುವೆ ಇರುವ, ಎರಡು ಸಾರಜನಕ ಪರಮಾಣುಗಳ (ಅಜೋ) ಬಂಧವನ್ನು ಮುರಿದಾಗ ಆರೊಮ್ಯಾಟಿಕ್ ಅಮೀನ್‌ಗಳು ಹುಟ್ಟುತ್ತವೆ. ಬೆಂಜಿಡೀನ್‌ನಂಥ ಅಮೀನ್‌ಗಳು ಕ್ಯಾನ್ಸರ್‌ಕಾರಕಗಳೆಂದು ಸಾಬೀತಾಗಿವೆ. ಎಲ್ಲ ಬಣ್ಣಗಳೂ ಹೀಗಲ್ಲ, ಹಲವು ಬಣ್ಣಗಳು ನಿರುಪದ್ರವಿ. ಆದರೆ ನೀರಿನ ಬಣ್ಣ ನೋಡಿ ಅದು ಯಾವ ಗುಂಪಿನದೆಂದು ಹೇಳಲಾಗದು.

ಸೋಸುವ ಕಾಗದದಲ್ಲಿ ಸೋಸಿಬಿಟ್ಟರೆ ಆಗದೇ?

ಆಗದು. ಬಣ್ಣ ನೀರಿನಲ್ಲಿ ತೇಲುವ ಕಣವಲ್ಲ, ಕರಗಿದ ಅಣು. ಸೋಸುವ ಕಾಗದದ ಕಿಂಡಿಗಳು ಮೈಕ್ರೋಮೀಟರ್ ಅಳತೆಯವು, ಬಣ್ಣದ ಅಣುವಿನ ಉದ್ದ ಒಂದೆರಡು ನ್ಯಾನೋಮೀಟರ್.

ಬಣ್ಣ ಅಂದಮೇಲೆ ಬಿಸಿಲಿಗೆ ತಾನಾಗಿಯೇ ಮಾಸಿ ಹೋಗುವುದಿಲ್ಲವೇ?

1856ರಲ್ಲಿ ಹದಿನೆಂಟರ ಹರೆಯದ ವಿಲಿಯಂ ಪರ್ಕಿನ್ ಆಕಸ್ಮಿಕವಾಗಿ ಮೌವೀನ್ ಎಂಬ ನೇರಳೆ ಬಣ್ಣವನ್ನು ತಯಾರಿಸಿದ ಮೇಲೆ ಸಂಶ್ಲೇಷಿತ ಬಣ್ಣಗಳ ಉದ್ಯಮ ಬೆಳೆಯಿತು. ಅಂದಿನಿಂದಲೂ ಆ ಉದ್ಯಮದ ರಸಾಯನವಿಜ್ಞಾನಿಗಳ ಗುರಿ ಒಂದೇ: ಬಟ್ಟೆಯ ಬಣ್ಣ ಬಿಸಿಲಿಗೆ ಮಾಸಬಾರದು, ಸೋಪಿಗೆ ಬಿಡಬಾರದು, ಬೆವರಿಗೆ ಬದಲಾಗಬಾರದು. ಬಟ್ಟೆಯ ಮೇಲೆ ಗುಣವಾದದ್ದೇ ನೀರಿನಲ್ಲಿ ದೋಷವಾಯಿತು. ಬೆಳಕು, ಆಮ್ಲಜನಕ ಮತ್ತು ಸೂಕ್ಷ್ಮಜೀವಿಗಳನ್ನು ತಾಳಿಕೊಳ್ಳಲೆಂದೇ ಕಟ್ಟಿದ ಅಣುವನ್ನು ಅವೇ ಮೂರು ಸುಲಭವಾಗಿ ಒಡೆಯಲಿ ಎಂದು ನಿರೀಕ್ಷಿಸುವಂತಿಲ್ಲ.

ಒಂದು ಕಡೆ ಹೀರಿಕೆ ಅಂತೀರಿ, ಇನ್ನೊಂದು ಕಡೆ ವೇಗವರ್ಧನೆ ಅಂತೀರಿ. ಎರಡರಲ್ಲೂ ನೀರು ತಿಳಿಯಾಗುತ್ತದೆ, ವ್ಯತ್ಯಾಸ ಏನು?

ಮೇಲ್ಮೈ ಹೀರಿಕೆಯಲ್ಲಿ ಬಣ್ಣದ ಅಣು ನೀರನ್ನು ಬಿಟ್ಟು ಘನವಸ್ತುವಿನ ಗೋಡೆಗೆ ಅಂಟಿಕೊಳ್ಳುತ್ತದೆ. ಅಣು ಇದ್ದ ಹಾಗೆಯೇ ಇದೆ, ಜಾಗ ಮಾತ್ರ ಬದಲಾಯಿತು. ಗೋಡೆ ತುಂಬಿದ ಮೇಲೆ ಕೆಲಸ ನಿಲ್ಲುತ್ತದೆ. ವೇಗವರ್ಧನೆಯಲ್ಲಿ ಗೋಡೆಯ ಮೇಲಿನ ಸಕ್ರಿಯ ತಾಣವೊಂದು ಅಣುವನ್ನು ಬೇರೆ ಅಣುಗಳನ್ನಾಗಿ ಪರಿವರ್ತಿಸಿ, ತಾನು ಹಿಂದಿನ ಸ್ಥಿತಿಗೆ ಮರಳಿ, ಮುಂದಿನ ಅಣುವಿಗೆ ಸಿದ್ಧವಾಗುತ್ತದೆ. 1835ರಲ್ಲಿ ಬರ್ಜೀಲಿಯಸ್ ಇಂಥ ವಿದ್ಯಮಾನಗಳನ್ನು ಒಂದೇ ಹೆಸರಿನಡಿ ತಂದರು. ಪ್ರಾಯೋಗಿಕವಾಗಿ ಎರಡೂ ಬೆರೆತೇ ಬರುತ್ತವೆ, ಏಕೆಂದರೆ ಅಣು ಮೊದಲು ಗೋಡೆಯ ಬಳಿಗೆ ಬಂದರೆ ತಾನೆ ಒಡೆಯುವ ಮಾತು? ಎಷ್ಟು ಪಾಲು ಅಂಟಿತು, ಎಷ್ಟು ಪಾಲು ಒಡೆಯಿತು ಎಂದು ಬೇರ್ಪಡಿಸಿ ತೋರಿಸುವುದೇ ಈ ಕ್ಷೇತ್ರದಲ್ಲಿ ಅತ್ಯಂತ ಕಷ್ಟದ ಮತ್ತು ಅತ್ಯಂತ ಹೆಚ್ಚು ಕಡೆಗಣಿಸಲ್ಪಟ್ಟ ಕೆಲಸ ಎಂಬುದು ನನ್ನ ಅಭಿಪ್ರಾಯ.

## ವಸ್ತುಗಳ ಬಗ್ಗೆ

ಸಕ್ರಿಯ ಇದ್ದಿಲು ಅಗ್ಗವಾಗಿ ಸಿಗುವಾಗ ಹೊಸ ವಸ್ತುಗಳ ಹುಚ್ಚು ಏಕೆ?

ಬರಿಯ ಬಣ್ಣ ಹೀರುವುದೇ ಉದ್ದೇಶವಾದರೆ ಸಕ್ರಿಯ ಇದ್ದಿಲನ್ನು ಸೋಲಿಸುವುದು ಸುಲಭವಲ್ಲ, ಇದನ್ನು ನಾನು ಹಿಂಜರಿಕೆಯಿಲ್ಲದೆ ಹೇಳುತ್ತೇನೆ. ಒಂದು ಸಣ್ಣ ಲೆಕ್ಕ ನೋಡಿ. ಮೆಥಿಲೀನ್ ಬ್ಲೂ ಅಣು ಮೇಲ್ಮೈಯ ಮೇಲೆ ಅಡ್ಡಡ್ಡ ಮಲಗಿದರೆ ಸುಮಾರು 1.3 ಚದರ ನ್ಯಾನೋಮೀಟರ್ ಆವರಿಸುತ್ತದೆ. ಗ್ರಾಂಗೆ 1000 ಚದರ ಮೀಟರ್ ಮೇಲ್ಮೈಯುಳ್ಳ ಇದ್ದಿಲಿನ ಎಲ್ಲ ಜಾಗವೂ ಅದಕ್ಕೆ ಸಿಕ್ಕರೆ, ಒಂದು ಗ್ರಾಂ ಇದ್ದಿಲಿನ ಮೇಲೆ ಒಂದು ಪದರದಲ್ಲಿ ಸುಮಾರು 400 ಮಿಲಿಗ್ರಾಂ ಬಣ್ಣ ಕೂರಬೇಕು. ಒಳ್ಳೆಯ ಇದ್ದಿಲುಗಳು ಇದಕ್ಕೆ ಸಾಕಷ್ಟು ಹತ್ತಿರ ಬರುತ್ತವೆ. ಹೊಸ ವಸ್ತು ಬೇಕಾಗುವುದು ಬೇರೆ ಕಾರಣಗಳಿಗೆ. ಇದ್ದಿಲಿನ ರಂಧ್ರಗಳು ಒಂದೇ ಅಳತೆಯವಲ್ಲ, ಆದ್ದರಿಂದ ಹಲವು ಅಣುಗಳ ನಡುವೆ ಒಂದನ್ನೇ ಆರಿಸಿಕೊಳ್ಳುವುದು ಅದಕ್ಕೆ ಕಷ್ಟ. ಅದನ್ನು ಪುನಶ್ಚೇತನಗೊಳಿಸಲು 800 ಡಿಗ್ರಿಯ ಆಸುಪಾಸಿನಲ್ಲಿ ಹಬೆಯೊಂದಿಗೆ ಕಾಯಿಸಬೇಕು, ಪ್ರತಿ ಸಲವೂ ಒಂದಿಷ್ಟು ಇದ್ದಿಲು ಉರಿದುಹೋಗುತ್ತದೆ. ಜೊತೆಗೆ, ವೇಗವರ್ಧಕ ತಾಣಗಳನ್ನು ಗೊತ್ತಾದ ಜಾಗದಲ್ಲಿ ಗೊತ್ತಾದ ಸಂಖ್ಯೆಯಲ್ಲಿ ಕೂರಿಸಲು ಅದರ ಅಸ್ತವ್ಯಸ್ತ ರಚನೆ ಒಗ್ಗುವುದಿಲ್ಲ.

ಜಿಯೋಲೈಟ್, ಸಿಲಿಕಾ, ಎಂಒಎಫ್: ಇವೆಲ್ಲ ಬೇರೆ ಬೇರೆಯೇ, ಒಂದೇ ಕುಟುಂಬವೇ?

ರಂಧ್ರವಿದೆ ಎಂಬುದಷ್ಟೇ ಸಮಾನ. ಜಿಯೋಲೈಟ್‌ಗಳು ಸಿಲಿಕಾನ್, ಅಲ್ಯೂಮಿನಿಯಂ ಮತ್ತು ಆಮ್ಲಜನಕದ ಸ್ಫಟಿಕಗಳು. ಸ್ವೀಡನ್ನಿನ ಖನಿಜತಜ್ಞ ಕ್ರೋನ್‌ಸ್ಟೆಡ್ 1756ರಲ್ಲಿ, ಕಾಯಿಸಿದಾಗ ಕುದಿಯುವಂತೆ ಹಬೆ ಬಿಡುವ ಖನಿಜವೊಂದನ್ನು ಕಂಡು ಈ ಹೆಸರಿಟ್ಟರು. ಇವುಗಳ ರಂಧ್ರದ ಬಾಯಿ ಸಾಮಾನ್ಯವಾಗಿ ಒಂದು ನ್ಯಾನೋಮೀಟರಿಗಿಂತ ಕಿರಿದು, ಆದ್ದರಿಂದ ಪೆಟ್ರೋಲಿಯಂ ಅಣುಗಳಿಗೆ ಹೇಳಿ ಮಾಡಿಸಿದಂತಿದ್ದರೂ ದೊಡ್ಡ ಬಣ್ಣದ ಅಣುಗಳಿಗೆ ಇಕ್ಕಟ್ಟು. ಆ ಇಕ್ಕಟ್ಟನ್ನು ಬಿಡಿಸಿದ್ದು ಮಧ್ಯಮ ರಂಧ್ರಗಳ ಸಿಲಿಕಾ: 1992ರಲ್ಲಿ ಮೊಬಿಲ್ ಸಂಸ್ಥೆಯ ವಿಜ್ಞಾನಿಗಳು ಪ್ರಕಟಿಸಿದ ಎಂಸಿಎಂ-41, 1998ರಲ್ಲಿ ಸಾಂತಾ ಬಾರ್ಬರಾದಿಂದ ಬಂದ ಎಸ್‌ಬಿಎ-15. ಎಂಒಎಫ್ ಎಂದು ಕರೆಯುವ ಲೋಹ-ಸಾವಯವ ಚೌಕಟ್ಟುಗಳಲ್ಲಿ ಲೋಹದ ಗಂಟುಗಳನ್ನು ಸಾವಯವ ಕೊಂಡಿಗಳು ಜೋಡಿಸಿರುತ್ತವೆ. ರಿಚರ್ಡ್ ರಾಬ್ಸನ್, ಸುಸುಮು ಕಿಟಗಾವ ಮತ್ತು ಒಮರ್ ಯಾಘಿ ಅವರಿಗೆ 2025ರ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ಬಂದದ್ದು ಈ ಚೌಕಟ್ಟುಗಳ ಕೆಲಸಕ್ಕಾಗಿ. ಕೊಂಡಿಯನ್ನು ಬದಲಿಸಿ ರಂಧ್ರದ ಅಳತೆಯನ್ನೂ ಸ್ವಭಾವವನ್ನೂ ಬದಲಿಸಬಹುದೆಂಬುದು ಇವುಗಳ ದೊಡ್ಡ ಆಕರ್ಷಣೆ.

ರಂಧ್ರವನ್ನು ಬೇಕಾದ ಅಳತೆಗೆ ಕೊರೆಯುವುದು ಹೇಗೆ ಸಾಧ್ಯ? ಅಷ್ಟು ಸಣ್ಣ ಉಪಕರಣ ಇದೆಯೇ?

ಕೊರೆಯುವುದಿಲ್ಲ, ಒಂದು ಅಚ್ಚಿನ ಸುತ್ತ ಗೋಡೆ ಕಟ್ಟಿ ಆಮೇಲೆ ಅಚ್ಚನ್ನು ತೆಗೆದುಬಿಡುತ್ತೇವೆ. ಎಂಸಿಎಂ-41ರಲ್ಲಿ ಆ ಅಚ್ಚು ಸೋಪಿನ ಜಾತಿಯ ಒಂದು ಅಣು. ನೀರಿನಲ್ಲಿ ಇಂಥ ಅಣುಗಳು ತಮ್ಮ ಎಣ್ಣೆಯಂಥ ಬಾಲಗಳನ್ನು ಒಳಗಿಟ್ಟುಕೊಂಡು ದಂಡದಾಕಾರದ ಗುಂಪುಗಳಾಗಿ ಸೇರುತ್ತವೆ, ಆ ದಂಡಗಳು ಷಟ್ಕೋನಾಕಾರದಲ್ಲಿ ಜೋಡಿಸಿಕೊಳ್ಳುತ್ತವೆ. ಈ ಮಿಶ್ರಣಕ್ಕೆ ಸಿಲಿಕಾದ ಮೂಲವಸ್ತುವನ್ನು ಸೇರಿಸಿದರೆ ಅದು ದಂಡಗಳ ಸುತ್ತ ಗಟ್ಟಿಯಾಗುತ್ತದೆ. ಸೋಸಿ, ತೊಳೆದು, ಒಣಗಿಸಿದ ಬಿಳಿ ಪುಡಿಯನ್ನು ಸುಮಾರು 550 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯಲ್ಲಿ ಕಾಯಿಸಿದಾಗ ಅಚ್ಚು ಉರಿದುಹೋಗಿ ಜೇನುಹಟ್ಟಿನಂತೆ ಸಾಲುಗಟ್ಟಿದ ಕೊಳವೆಗಳು ಉಳಿಯುತ್ತವೆ. ಕುಲುಮೆಯ ಶಾಖವನ್ನು ನಿಮಿಷಕ್ಕೆ ಒಂದು ಡಿಗ್ರಿಯಂತೆ ನಿಧಾನವಾಗಿ ಏರಿಸಬೇಕು. ಅವಸರ ಮಾಡಿದರೆ ಪುಡಿ ಬೂದು ಅಥವಾ ಕಂದು ಬಣ್ಣಕ್ಕೆ ತಿರುಗುತ್ತದೆ, ಅಂದರೆ ಅಚ್ಚು ಪೂರ್ತಿ ಉರಿಯದೆ ಇಂಗಾಲವಾಗಿ ರಂಧ್ರದೊಳಗೇ ಕುಳಿತಿದೆ. ಅಚ್ಚಿನ ಬಾಲದ ಉದ್ದ ಹೆಚ್ಚಿಸಿದರೆ ಕೊಳವೆಯ ಅಗಲವೂ ಹೆಚ್ಚುತ್ತದೆ.

ನಾನು ಮಾಡಿದ ಸಿಲಿಕಾ ಮೆಥಿಲೀನ್ ಬ್ಲೂವನ್ನು ಕ್ಷಣದಲ್ಲಿ ಎಳೆದುಕೊಂಡಿತು, ಮೀಥೈಲ್ ಆರೆಂಜನ್ನು ಮುಟ್ಟಲೇ ಇಲ್ಲ. ಏನು ತಪ್ಪಾಗಿದೆ?

ತಪ್ಪೇನೂ ಆಗಿಲ್ಲ. ಮೆಥಿಲೀನ್ ಬ್ಲೂ ನೀರಿನಲ್ಲಿ ಧನ ವಿದ್ಯುದಂಶದ ಅಯಾನ್, ಮೀಥೈಲ್ ಆರೆಂಜ್ ಋಣ ವಿದ್ಯುದಂಶದ ಅಯಾನ್. ಪ್ರತಿಯೊಂದು ಘನವಸ್ತುವಿಗೂ ಒಂದು ಪಿಎಚ್ ಇರುತ್ತದೆ, ಅಲ್ಲಿ ಅದರ ಮೇಲ್ಮೈಯ ನಿವ್ವಳ ವಿದ್ಯುದಂಶ ಶೂನ್ಯ. ಅದಕ್ಕಿಂತ ಕೆಳಗೆ ಮೇಲ್ಮೈ ಧನ, ಮೇಲೆ ಋಣ. ಸಿಲಿಕಾಗೆ ಈ ಬಿಂದು ಪಿಎಚ್ 2ರ ಹತ್ತಿರ ಇರುವುದರಿಂದ ಸಾಮಾನ್ಯ ನೀರಿನಲ್ಲಿ ಅದು ಋಣಾತ್ಮಕ. ಅದು ಮೆಥಿಲೀನ್ ಬ್ಲೂವನ್ನು ಸೆಳೆದು ಮೀಥೈಲ್ ಆರೆಂಜನ್ನು ದೂರ ತಳ್ಳುವುದು ಸಹಜ. ಗೋಡೆಗೆ ಅಮೀನ್ ಗುಂಪುಗಳನ್ನು ಕಸಿಮಾಡಿದರೆ ಅವು ನೀರಿನಲ್ಲಿ ಪ್ರೋಟಾನ್ ಪಡೆದು ಧನಾತ್ಮಕವಾಗುತ್ತವೆ, ಆಗ ಆಟ ತಿರುಗುಮುರುಗಾಗುತ್ತದೆ. ಹೊಸ ವಸ್ತುವೊಂದನ್ನು ಪರಿಚಯಿಸುವಾಗ ಎರಡೂ ಜಾತಿಯ ಬಣ್ಣಗಳಲ್ಲಿ ಪರೀಕ್ಷಿಸಿ ತೋರಿಸುವುದು ಕನಿಷ್ಠ ಶಿಷ್ಟಾಚಾರ.

ಎಂಒಎಫ್ ನೀರಿನಲ್ಲಿ ಕರಗಿಹೋಗುತ್ತದೆ ಎನ್ನುತ್ತಾರೆ, ನಿಜವೇ?

ಕೆಲವಕ್ಕೆ ನಿಜ. 1999ರಲ್ಲಿ ಪ್ರಸಿದ್ಧಿಗೆ ಬಂದ ಎಂಒಎಫ್-5ರ ಸತು-ಆಮ್ಲಜನಕ ಬಂಧಗಳನ್ನು ಗಾಳಿಯ ತೇವವೇ ಕೆಡಿಸುತ್ತದೆ, ಅದನ್ನು ಬಣ್ಣದ ನೀರಿಗೆ ಹಾಕುವುದರಲ್ಲಿ ಅರ್ಥವಿಲ್ಲ. 2008ರಲ್ಲಿ ಓಸ್ಲೋದಿಂದ ಬಂದ ಯುಐಒ-66ರಲ್ಲಿ ಜಿರ್ಕೋನಿಯಂ ಗಂಟುಗಳು ಹನ್ನೆರಡು ಕೊಂಡಿಗಳನ್ನು ಬಿಗಿಯಾಗಿ ಹಿಡಿದಿರುವುದರಿಂದ ಅದು ನೀರನ್ನು ಚೆನ್ನಾಗಿ ತಾಳುತ್ತದೆ. ಪ್ರಯೋಗದ ಮೊದಲು ಮತ್ತು ನಂತರ ಎಕ್ಸ್-ರೇ ವಿವರ್ತನೆಯ ನಕ್ಷೆ ತೆಗೆದು ಹೋಲಿಸುವುದರ ಜೊತೆಗೆ ನೀರಿನಲ್ಲಿ ಲೋಹ ಎಷ್ಟು ಸೇರಿದೆ ಎಂದೂ ಅಳೆಯಬೇಕು. ಬಣ್ಣ ತೆಗೆಯಲು ಹೋಗಿ ನೀರಿಗೆ ಕ್ರೋಮಿಯಂ ಅಥವಾ ತಾಮ್ರ ಸೇರಿಸಿದರೆ ಅದು ಶುದ್ಧೀಕರಣವಲ್ಲ.

## ವೇಗವರ್ಧನೆಯ ಬಗ್ಗೆ

ಕ್ರಿಯೆ ರಂಧ್ರದ ಒಳಗೆ ನಡೆದರೆ ವಿಶೇಷ ಲಾಭ ಏನು?

ಮೇಲ್ಮೈ ಹೆಚ್ಚಾದಷ್ಟೂ ಸಕ್ರಿಯ ತಾಣಗಳನ್ನು ಹೆಚ್ಚು ಹರಡಿ ಕೂರಿಸಬಹುದು, ಲೋಹದ ಕಣಗಳು ಒಂದಕ್ಕೊಂದು ಸೇರಿ ದಪ್ಪವಾಗುವುದನ್ನು ಗೋಡೆಗಳು ತಡೆಯುತ್ತವೆ. ಇನ್ನೂ ಸ್ವಾರಸ್ಯವಾದದ್ದು ಆಕಾರದ ಆಯ್ಕೆ. ಝಡ್‌ಎಸ್‌ಎಂ-5 ಎಂಬ ಜಿಯೋಲೈಟಿನ ಕೊಳವೆಗಳು ಸುಮಾರು 0.55 ನ್ಯಾನೋಮೀಟರ್ ಅಗಲ. ಅದರೊಳಗೆ ಟಾಲ್ವೀನ್‌ನಿಂದ ಮೂರು ಬಗೆಯ ಜೈಲೀನ್‌ಗಳು ಹುಟ್ಟಿದರೂ ಸಪೂರವಾದ ಪ್ಯಾರಾ-ಜೈಲೀನ್ ಬೇಗ ಹೊರಗೆ ಜಾರುತ್ತದೆ. ದಪ್ಪನೆಯ ಉಳಿದೆರಡು ಒಳಗೇ ತಡವರಿಸುತ್ತ ಮತ್ತೆ ಪ್ಯಾರಾ ರೂಪಕ್ಕೆ ತಿರುಗುವ ಅವಕಾಶ ಪಡೆಯುತ್ತವೆ. ಪಾಲಿಯೆಸ್ಟರ್ ತಯಾರಿಕೆಗೆ ಬೇಕಾದದ್ದು ಪ್ಯಾರಾ-ಜೈಲೀನ್ ಆದ್ದರಿಂದ ಈ ಗುಣಕ್ಕೆ ಉದ್ಯಮದಲ್ಲಿ ದೊಡ್ಡ ಬೆಲೆಯಿದೆ. ಇದಕ್ಕೆ ತೆರಬೇಕಾದ ದಂಡವೂ ಇದೆ: ಕಿರಿದಾದ ಓಣಿಯಲ್ಲಿ ಅಣುಗಳ ಓಡಾಟ ನಿಧಾನ, ಓಣಿ ಕಟ್ಟಿಕೊಂಡರೆ ಒಳಗಿನ ತಾಣಗಳೆಲ್ಲ ವ್ಯರ್ಥ. ಸಣ್ಣ ಮತ್ತು ದೊಡ್ಡ ರಂಧ್ರಗಳೆರಡನ್ನೂ ಒಂದೇ ಕಣದಲ್ಲಿ ಕಟ್ಟುವ ಪ್ರಯತ್ನಗಳು ನಡೆಯುತ್ತಿರುವುದು ಇದಕ್ಕಾಗಿಯೇ.

ಬೆಳಕು ಹಾಯಿಸಿದರೆ ಬಣ್ಣ ಒಡೆಯುತ್ತದೆ ಎನ್ನುತ್ತೀರಿ. ಟೈಟಾನಿಯಂ ಡೈಆಕ್ಸೈಡ್ ಅಲ್ಲಿ ಮಾಡುವುದೇನು?

ಅದು ಅರೆವಾಹಕ. ಸಾಕಷ್ಟು ಶಕ್ತಿಯ ಬೆಳಕು ಬಿದ್ದಾಗ ಅದರೊಳಗಿನ ಎಲೆಕ್ಟ್ರಾನ್ ಮೇಲಿನ ಹಂತಕ್ಕೆ ಜಿಗಿದು, ಕೆಳಗೆ ಎಲೆಕ್ಟ್ರಾನ್ ಇಲ್ಲದ ಒಂದು ಖಾಲಿ ತಾಣ ಉಳಿಯುತ್ತದೆ. ಆ ಖಾಲಿ ತಾಣ ನೀರಿನಿಂದ ಎಲೆಕ್ಟ್ರಾನ್ ಕಿತ್ತು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸಬಲ್ಲದು, ಜಿಗಿದ ಎಲೆಕ್ಟ್ರಾನ್ ಕರಗಿದ ಆಮ್ಲಜನಕಕ್ಕೆ ಸೇರಿ ಸೂಪರ್‌ಆಕ್ಸೈಡ್ ಆಗಬಲ್ಲದು. ಚುರುಕಾಗಿ ವರ್ತಿಸುವ ಈ ತುಣುಕುಗಳೆರಡೂ ಬಣ್ಣದ ಅಣುವಿನ ಮೇಲೆ ಎರಗುತ್ತವೆ. 1972ರಲ್ಲಿ ಫುಜಿಶಿಮಾ ಮತ್ತು ಹೋಂಡಾ ಇದೇ ವಸ್ತುವಿನ ವಿದ್ಯುದಗ್ರದ ಮೇಲೆ ಬೆಳಕಿನಿಂದ ನೀರನ್ನು ವಿಭಜಿಸಿ ತೋರಿಸಿದ ಮೇಲೆ ಈ ಕ್ಷೇತ್ರ ವೇಗ ಪಡೆಯಿತು. ಅನಟೇಸ್ ರೂಪದ ಟೈಟಾನಿಯಂ ಡೈಆಕ್ಸೈಡಿಗೆ 3.2 ಎಲೆಕ್ಟ್ರಾನ್-ವೋಲ್ಟ್ ಬೇಕು, ಅಂದರೆ 387 ನ್ಯಾನೋಮೀಟರ್ ಅಥವಾ ಅದಕ್ಕಿಂತ ಕಡಿಮೆ ತರಂಗಾಂತರದ ಅತಿನೇರಳೆ ಬೆಳಕು. ನೆಲಕ್ಕೆ ಬೀಳುವ ಬಿಸಿಲಿನ ಶಕ್ತಿಯಲ್ಲಿ ಅತಿನೇರಳೆಯ ಪಾಲು ಶೇಕಡಾ 5ರ ಆಸುಪಾಸು ಮಾತ್ರ. ಕಣ್ಣಿಗೆ ಕಾಣುವ ಬೆಳಕಿನಲ್ಲೇ ಕೆಲಸ ಮಾಡುವ ವಸ್ತುಗಳಿಗಾಗಿ ಇಷ್ಟೊಂದು ಹುಡುಕಾಟ ನಡೆದಿರುವುದಕ್ಕೆ ಇದೇ ಕಾರಣ.

ನೀಲಿ ಬಣ್ಣ ಪೂರ್ತಿ ಹೋಗಿ ನೀರು ತಿಳಿಯಾಯಿತು. ಅಣು ನಾಶವಾಯಿತು ಎಂದು ಬರೆಯಬಹುದಲ್ಲವೇ?

ಬರೆಯುವಂತಿಲ್ಲ. ನೀರು ತಿಳಿಯಾಗಲು ಕನಿಷ್ಠ ನಾಲ್ಕು ದಾರಿಗಳಿವೆ. ಅವುಗಳಲ್ಲಿ ಒಂದು ಮಾತ್ರ ನಿಜವಾದ ನಾಶ.

ಮೊದಲನೆಯದು ಬರಿಯ ಹೀರಿಕೆ. ಪರೀಕ್ಷೆ ಸುಲಭ: ಮಿಶ್ರಣವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಕೊಳವೆಯ ತಳವನ್ನು ನೋಡಿ. ಮೇಲೆ ಕನ್ನಡಿಯಂಥ ನೀರು, ತಳದಲ್ಲಿ ಮೊದಲು ಬಿಳಿಯಾಗಿದ್ದು ಈಗ ಕಡುನೀಲಿಯಾದ ಪುಡಿಯ ಗಡ್ಡೆ ಕುಳಿತಿದ್ದರೆ ಬಣ್ಣ ಎಲ್ಲಿಗೂ ಹೋಗಿಲ್ಲ. ಆ ಗಡ್ಡೆಗೆ ಎಥೆನಾಲ್ ಹಾಕಿ ಅಲುಗಾಡಿಸಿದರೆ ನೀಲಿ ಮತ್ತೆ ಹೊರಬರುವುದನ್ನು ಅನೇಕ ಸಲ ಕಾಣಬಹುದು. ಪುಡಿಯ ಬಣ್ಣದ ಬಗ್ಗೆ ಒಂದು ಸಾಲೂ ಬರೆಯದ ಲೇಖನಗಳನ್ನು ಓದುವಾಗ ನನಗೆ ಮೊದಲು ಹುಟ್ಟುವ ಅನುಮಾನ ಇದು.

ಎರಡನೆಯದು ಅಪಕರ್ಷಣೆ. ಮೆಥಿಲೀನ್ ಬ್ಲೂ ಎಲೆಕ್ಟ್ರಾನ್‌ಗಳನ್ನು ಪಡೆದರೆ ಲ್ಯೂಕೋ ಎಂಬ ಬಣ್ಣವಿಲ್ಲದ ರೂಪಕ್ಕೆ ತಿರುಗುತ್ತದೆ. ಸೀಸೆಯ ಮುಚ್ಚಳ ತೆಗೆದು ಗಾಳಿಯಾಡುವಂತೆ ಕುಲುಕಿದರೆ ಆಮ್ಲಜನಕ ಆ ಎಲೆಕ್ಟ್ರಾನ್‌ಗಳನ್ನು ಹಿಂದಕ್ಕೆ ಪಡೆದು ನೀಲಿ ಮರಳುತ್ತದೆ. ಅಜೋ ಬಣ್ಣಗಳಲ್ಲಿ ಇದು ಇನ್ನೂ ಕೆಟ್ಟದ್ದು, ಏಕೆಂದರೆ ಅಲ್ಲಿ ಅಣು ಎರಡಾಗಿ ಸೀಳಿ, ಹಿಂದೆ ಹೇಳಿದ ಅಮೀನ್‌ಗಳು ತಿಳಿನೀರಿನಲ್ಲಿ ಉಳಿಯುತ್ತವೆ.

ಮೂರನೆಯದು ಅರೆಬರೆ ಒಡೆತ. ಮೆಥಿಲೀನ್ ಬ್ಲೂ 664 ನ್ಯಾನೋಮೀಟರ್ ಹತ್ತಿರ ಬೆಳಕನ್ನು ಅತಿ ಹೆಚ್ಚು ಹೀರುತ್ತದೆ. ಅದರ ತುದಿಯ ಮೀಥೈಲ್ ಗುಂಪುಗಳು ಒಂದೊಂದಾಗಿ ಕಳಚಿದಾಗ ಅಜ್ಯೂರ್ ಬಿ, ಅಜ್ಯೂರ್ ಎ ಮುಂತಾದವುಗಳ ಮೂಲಕ ಕೊನೆಗೆ ಥಯೋನಿನ್ ಬರುತ್ತದೆ; ಶಿಖರ 600ರ ಕಡೆಗೆ ಸರಿಯುತ್ತ ಹೋಗುತ್ತದೆ. 664ರಲ್ಲಿ ಮಾತ್ರ ಅಳೆದವರಿಗೆ ಬಣ್ಣ ಇಳಿದಂತೆ ಕಾಣುತ್ತದೆ, ವಾಸ್ತವದಲ್ಲಿ ಉಂಗುರದ ಮೂಲ ರಚನೆ ಹಾಗೆಯೇ ಉಳಿದಿರುತ್ತದೆ. ಒಂದು ಬಿಂದುವಿನ ಬದಲು ಇಡೀ ರೋಹಿತವನ್ನು ದಾಖಲಿಸಿ ಎಂದು ವಿದ್ಯಾರ್ಥಿಗಳನ್ನು ಪೀಡಿಸುವುದು ಇದಕ್ಕೇ.

ನಾಲ್ಕನೆಯದು ಪೂರ್ಣ ಖನಿಜೀಕರಣ, ಅಂದರೆ ಅಣುವಿನ ಇಂಗಾಲವೆಲ್ಲ ಕಾರ್ಬನ್ ಡೈಆಕ್ಸೈಡ್ ಆಗಿ, ಗಂಧಕ ಸಲ್ಫೇಟ್ ಆಗಿ, ಸಾರಜನಕ ಅಮೋನಿಯಂ ಮತ್ತು ನೈಟ್ರೇಟ್ ಆಗಿ ಕೊನೆಗೊಳ್ಳುವುದು. ಇದನ್ನು ಸ್ಪೆಕ್ಟ್ರೋಫೋಟೋಮೀಟರ್ ಹೇಳಲಾರದು. ನೀರಿನಲ್ಲಿ ಉಳಿದ ಒಟ್ಟು ಸಾವಯವ ಇಂಗಾಲವನ್ನು ಅಳೆಯಬೇಕು, ಸಾಧ್ಯವಾದರೆ ಹುಟ್ಟಿದ ಸಲ್ಫೇಟ್ ಮತ್ತು ನೈಟ್ರೇಟನ್ನೂ ಎಣಿಸಬೇಕು. ಬಣ್ಣ ಪೂರ್ತಿ ಹೋದ ಹೊತ್ತಿನಲ್ಲೂ ಇಂಗಾಲದ ದೊಡ್ಡ ಪಾಲು ನೀರಿನಲ್ಲೇ ಇರುವುದು ತೀರಾ ಸಾಮಾನ್ಯ.

ಫೆಂಟನ್ ವಿಧಾನ ಹಳೆಯದಾಯಿತಲ್ಲವೇ? ಅದಕ್ಕೆ ರಂಧ್ರಯುಕ್ತ ವಸ್ತು ಏಕೆ?

ಹಳೆಯದು ಹೌದು, 1894ರದು. ಫೆರಸ್ ಕಬ್ಬಿಣ ಹೈಡ್ರೋಜನ್ ಪೆರಾಕ್ಸೈಡನ್ನು ಸೀಳಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸುತ್ತದೆ. ಇದು ಪಿಎಚ್ 3ರ ಸುತ್ತಮುತ್ತ ಚೆನ್ನಾಗಿ ನಡೆಯುತ್ತದೆ. ಪಿಎಚ್ ಏರಿದರೆ ಕಬ್ಬಿಣ ಹೈಡ್ರಾಕ್ಸೈಡ್ ಆಗಿ ಒತ್ತರಿಸಿ ಕೆಂಪು ಕೆಸರಾಗುತ್ತದೆ, ಆ ಕೆಸರಿನ ವಿಲೇವಾರಿಯೇ ಮತ್ತೊಂದು ಖರ್ಚು. ಕಬ್ಬಿಣವನ್ನು ರಂಧ್ರದ ಗೋಡೆಗೆ ಕಟ್ಟಿಹಾಕಿದರೆ ಕೆಸರು ತಗ್ಗುತ್ತದೆ, ಪಿಎಚ್‌ನ ಮಿತಿಯೂ ಒಂದಿಷ್ಟು ಸಡಿಲವಾಗುತ್ತದೆ.

## ಪ್ರಯೋಗ ಮಾಡುವವರಿಗೆ

ಶೇಕಡಾ 99 ಬಣ್ಣ ತೆಗೆದಿದ್ದೇನೆ. ಆದರೂ ವಿಮರ್ಶಕರು ಒಪ್ಪುತ್ತಿಲ್ಲ, ಏಕೆ?

ಶೇಕಡಾವಾರು ಸಂಖ್ಯೆ ವಸ್ತುವಿನ ಗುಣವಲ್ಲ, ಪ್ರಯೋಗದ ಏರ್ಪಾಡಿನ ಫಲ. ಲೀಟರಿಗೆ 10 ಮಿಲಿಗ್ರಾಂ ಬಣ್ಣವಿರುವ 100 ಮಿಲಿಲೀಟರ್ ದ್ರಾವಣಕ್ಕೆ 100 ಮಿಲಿಗ್ರಾಂ ಪುಡಿ ಹಾಕಿ ಶೇಕಡಾ 99 ತೆಗೆದರೆ, ಆ ಪುಡಿ ಹೀರಿದ್ದು ಗ್ರಾಂಗೆ 9.9 ಮಿಲಿಗ್ರಾಂ. ಅದೇ ಪ್ರಮಾಣದ ಇನ್ನೊಂದು ಪುಡಿ ಲೀಟರಿಗೆ 500 ಮಿಲಿಗ್ರಾಂ ಬಣ್ಣವಿರುವ ದ್ರಾವಣದಿಂದ ಶೇಕಡಾ 40ನ್ನು ಮಾತ್ರ ತೆಗೆದರೆ ಅದು ಹೀರಿದ್ದು ಗ್ರಾಂಗೆ 200 ಮಿಲಿಗ್ರಾಂ. ಎರಡನೆಯದೇ ದೊಡ್ಡ ಸಾಮರ್ಥ್ಯದ್ದು. ಹಾಗೆಂದು ಗರಿಷ್ಠ ಸಾಮರ್ಥ್ಯವೊಂದೇ ಸಾಲದು: ಕೊನೆಯಲ್ಲಿ ನೀರಿನಲ್ಲಿ ಉಳಿಯಬಹುದಾದ ಬಣ್ಣ ಲೀಟರಿಗೆ ಒಂದೆರಡು ಮಿಲಿಗ್ರಾಂ ಮಾತ್ರ ಎಂಬ ಸನ್ನಿವೇಶದಲ್ಲಿ, ಅಷ್ಟು ಕಡಿಮೆ ಸಾರತೆಯಲ್ಲೂ ವಸ್ತು ಎಷ್ಟು ಹಿಡಿದಿಟ್ಟುಕೊಳ್ಳುತ್ತದೆ ಎಂಬುದೇ ಉಪಯುಕ್ತ ಸಂಖ್ಯೆ.

ನನ್ನ ದತ್ತಾಂಶ ಹುಸಿ-ದ್ವಿತೀಯ ಕ್ರಮಾಂಕಕ್ಕೆ 0.999 ಆರ್-ವರ್ಗದೊಂದಿಗೆ ಹೊಂದುತ್ತದೆ. ಇದು ರಾಸಾಯನಿಕ ಹೀರಿಕೆ ಎಂದು ತೀರ್ಮಾನಿಸಬಹುದೇ?

ತೀರ್ಮಾನಿಸಬೇಡಿ. ಹೀರಿಕೆಯ ವೇಗವನ್ನು ವಿವರಿಸುವ ಆ ಸಮೀಕರಣಕ್ಕಾಗಿ ಎಳೆಯುವ ಸರಳರೇಖೆಯ ಎರಡೂ ಅಕ್ಷಗಳಲ್ಲಿ ಕಾಲ ಇದೆ: ಒಂದರಲ್ಲಿ ಕಾಲ, ಇನ್ನೊಂದರಲ್ಲಿ ಕಾಲವನ್ನು ಹೀರಿದ ಪ್ರಮಾಣದಿಂದ ಭಾಗಿಸಿದ ಬೆಲೆ. ಸಮತೋಲನ ತಲುಪಿದ ಮೇಲೆ ಹೀರಿದ ಪ್ರಮಾಣ ಬದಲಾಗುವುದಿಲ್ಲ, ಆದ್ದರಿಂದ ಅಲ್ಲಿಂದ ಮುಂದಿನ ಬಿಂದುಗಳೆಲ್ಲ ತಾವಾಗಿಯೇ ನೇರಗೆರೆಯ ಮೇಲೆ ಬೀಳುತ್ತವೆ. ಪ್ರಯೋಗವನ್ನು ಹೆಚ್ಚು ಹೊತ್ತು ನಡೆಸಿದಷ್ಟೂ ಆರ್-ವರ್ಗ ಏರುತ್ತದೆ, ಕ್ರಿಯೆಯ ಸ್ವರೂಪ ಏನೇ ಇರಲಿ. ಸಮತೋಲನಕ್ಕೆ ಮೊದಲಿನ ಬಿಂದುಗಳನ್ನು ಹೆಚ್ಚು ತೆಗೆದುಕೊಂಡು, ಮೂಲ ವಕ್ರರೇಖೆಗೇ ಸಮೀಕರಣವನ್ನು ಹೊಂದಿಸಿ, ದೋಷಗಳ ಹಂಚಿಕೆಯನ್ನು ನೋಡಬೇಕು. ಅಷ್ಟಾದರೂ ಬಂಧದ ಸ್ವಭಾವವನ್ನು ಹೇಳಬೇಕಾದದ್ದು ರೋಹಿತಗಳು ಮತ್ತು ಶಾಖದ ಅಳತೆಗಳು. ಸಮತೋಲನದಲ್ಲಿ ಹೀರಿದ ಪ್ರಮಾಣವನ್ನು ದ್ರಾವಣದ ಸಾರತೆಗೆ ಜೋಡಿಸುವ ಲ್ಯಾಂಗ್ಮ್ಯೂರ್ ಸಮೀಕರಣಕ್ಕೂ ಇದೇ ಎಚ್ಚರಿಕೆ ಸಲ್ಲುತ್ತದೆ. ಎಲ್ಲ ತಾಣಗಳೂ ಸಮಾನ ಎಂಬ ಅದರ ಊಹೆ ಇದ್ದಿಲಿನ ಮಟ್ಟಿಗೆ ನಿಜವಲ್ಲ, ಆದರೂ ಅಂಕಿಗಳು ಚೆನ್ನಾಗಿಯೇ ಹೊಂದುತ್ತವೆ.

ಕಾಣುವ ಬೆಳಕಿನಲ್ಲಿ ನನ್ನ ವೇಗವರ್ಧಕ ಮೆಥಿಲೀನ್ ಬ್ಲೂವನ್ನು ಒಡೆಯುತ್ತದೆ. ಯಾವ ಹೋಲಿಕೆ ಪ್ರಯೋಗಗಳು ಕಡ್ಡಾಯ?

ಕತ್ತಲೆಯಲ್ಲಿ ವೇಗವರ್ಧಕದೊಂದಿಗೆ ಒಂದು, ಬೆಳಕಿನಲ್ಲಿ ವೇಗವರ್ಧಕವಿಲ್ಲದೆ ಒಂದು, ಇವೆರಡೂ ಇಲ್ಲದೆ ಯಾವ ತೀರ್ಮಾನವೂ ನಿಲ್ಲುವುದಿಲ್ಲ. ಕತ್ತಲೆಯಲ್ಲಿ ಅರ್ಧ ಗಂಟೆ ಕಲಕುವುದು ಒಂದು ರೂಢಿಯಾಗಿಬಿಟ್ಟಿದೆ, ಆದರೆ ಸಣ್ಣ ರಂಧ್ರಗಳ ವಸ್ತುಗಳಲ್ಲಿ ಸಮತೋಲನಕ್ಕೆ ಹಲವು ಗಂಟೆಗಳೇ ಬೇಕಾಗಬಹುದು. ಸಾರತೆ ಬದಲಾಗದೆ ನಿಂತಿದೆ ಎಂದು ತೋರಿಸಿದ ಮೇಲೆಯೇ ದೀಪ ಹಚ್ಚಬೇಕು. ಇದಕ್ಕಿಂತ ಸೂಕ್ಷ್ಮವಾದದ್ದು ಬಣ್ಣದ್ದೇ ಪಾತ್ರ: ಕಾಣುವ ಬೆಳಕನ್ನು ಮೆಥಿಲೀನ್ ಬ್ಲೂ ತಾನೇ ಹೀರಿ, ಉದ್ರೇಕಗೊಂಡ ಎಲೆಕ್ಟ್ರಾನನ್ನು ಅರೆವಾಹಕಕ್ಕೆ ದಾಟಿಸಿ, ತಾನೇ ಒಡೆಯಬಲ್ಲದು. ಆಗ ವೇಗವರ್ಧಕ ಬೆಳಕನ್ನು ಹೀರಿತು ಎಂಬ ವಾದ ಬೀಳುತ್ತದೆ. ಫೀನಾಲ್‌ನಂಥ ಬಣ್ಣವಿಲ್ಲದ ಅಣುವನ್ನೂ ಅದೇ ಬೆಳಕಿನಲ್ಲಿ ಒಡೆದು ತೋರಿಸಿದರೆ ಮಾತಿಗೆ ತೂಕ ಬರುತ್ತದೆ. ದೀಪದಿಂದ ದ್ರಾವಣ ಬಿಸಿಯಾಗದಂತೆ ನೀರಿನ ಕವಚವನ್ನೂ, ಅತಿನೇರಳೆ ಸೋರದಂತೆ ಶೋಧಕ ಗಾಜನ್ನೂ ಬಳಸಿ. ಇನ್ನೊಂದು ಮಾತು: ಸಿರಿಂಜ್ ಫಿಲ್ಟರ್‌ಗಳ ಪೊರೆಗಳು ಬಣ್ಣವನ್ನು ತಾವೇ ಹೀರುವುದುಂಟು, ಶುದ್ಧ ಬಣ್ಣದ ದ್ರಾವಣವನ್ನು ಒಮ್ಮೆ ಹಾಯಿಸಿ ನೋಡದೆ ಅವನ್ನು ನಂಬಬೇಡಿ.

ವೇಗವರ್ಧಕ ನಿಜವಾಗಿಯೂ ಘನರೂಪದಲ್ಲೇ ಕೆಲಸ ಮಾಡುತ್ತಿದೆ ಎಂದು ಹೇಗೆ ತೋರಿಸಲಿ?

ಕ್ರಿಯೆ ಅರ್ಧ ನಡೆದಾಗ, ತಣಿಯಲು ಬಿಡದೆ, ಘನವನ್ನು ಸೋಸಿ ತೆಗೆಯಿರಿ. ಉಳಿದ ದ್ರವದಲ್ಲಿ ಕ್ರಿಯೆ ಮುಂದುವರಿದರೆ ಕೆಲಸ ಮಾಡುತ್ತಿರುವುದು ಗೋಡೆಯಿಂದ ಕಳಚಿ ಕರಗಿದ ಲೋಹ. ಬಿಸಿಯಲ್ಲೇ ಸೋಸಬೇಕು, ಏಕೆಂದರೆ ತಣಿದರೆ ಕರಗಿದ ಲೋಹ ಮತ್ತೆ ಗೋಡೆಗೆ ಹೋಗಿ ಕೂರಬಹುದು. ಐಸಿಪಿ ಉಪಕರಣದಲ್ಲಿ ದ್ರವದ ಲೋಹಾಂಶವನ್ನೂ ಅಳೆಯಿರಿ.

ಪ್ರಯೋಗಾಲಯದಲ್ಲಿ ಅಷ್ಟು ಚೆನ್ನಾಗಿದ್ದ ವಸ್ತು ಕಾರ್ಖಾನೆಯ ನೀರಿನಲ್ಲಿ ಏಕೆ ಸೋಲುತ್ತದೆ?

ಪ್ರಯೋಗಾಲಯದ ದ್ರಾವಣದಲ್ಲಿ ಶುದ್ಧ ನೀರು ಮತ್ತು ಒಂದೇ ಬಣ್ಣ ಇರುತ್ತವೆ. ಹತ್ತಿಗೆ ರಿಯಾಕ್ಟಿವ್ ಬಣ್ಣ ಹಾಕುವ ತೊಟ್ಟಿಯಲ್ಲಿ ಬಣ್ಣವನ್ನು ನಾರಿಗೆ ತಳ್ಳಲು ಲೀಟರಿಗೆ ಹತ್ತಾರು ಗ್ರಾಂ ಉಪ್ಪು, ಬಂಧ ಕೂಡಿಸಲು ಸೋಡಾ, ಜೊತೆಗೆ ಮಾರ್ಜಕಗಳು ಇರುತ್ತವೆ. ಬಣ್ಣದ ಒಂದು ಪಾಲು ನಾರಿನ ಬದಲು ನೀರಿನೊಂದಿಗೇ ವರ್ತಿಸಿ ವ್ಯರ್ಥವಾಗಿ ಹೊರಗೆ ಹರಿಯುತ್ತದೆ. ಉಪ್ಪಿನ ಅಯಾನ್‌ಗಳು ಗೋಡೆಯ ವಿದ್ಯುದಂಶವನ್ನು ಮರೆಮಾಡುತ್ತವೆ, ಕ್ಲೋರೈಡ್ ಮತ್ತು ಕಾರ್ಬೊನೇಟ್‌ಗಳು ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ಬಣ್ಣ ತಲುಪುವ ಮೊದಲೇ ನುಂಗುತ್ತವೆ, ಗಾಢ ಬಣ್ಣದ ನೀರಿನಲ್ಲಿ ಬೆಳಕು ಕೆಲವು ಮಿಲಿಮೀಟರ್ ಆಳಕ್ಕೂ ಇಳಿಯುವುದಿಲ್ಲ. ನುಣುಪಾದ ಪುಡಿಯನ್ನು ಸ್ತಂಭದಲ್ಲಿ ತುಂಬಿದರೆ ನೀರು ಹರಿಯುವುದೇ ಇಲ್ಲ. ಅದನ್ನು ಅಂಟಿನೊಂದಿಗೆ ಹರಳುಗಳನ್ನಾಗಿ ಕಟ್ಟಬೇಕು, ಆ ಅಂಟು ಒಂದಷ್ಟು ರಂಧ್ರಗಳನ್ನು ಮುಚ್ಚುತ್ತದೆ. ಹೀಗಾಗಿ ಬೀಕರಿನ ಫಲಿತಾಂಶದ ಜೊತೆಗೆ, ಸ್ತಂಭದ ಮೂಲಕ ನೀರು ಹರಿಸಿ ಬಣ್ಣ ಕೆಳಗೆ ಕಾಣಿಸಿಕೊಳ್ಳುವವರೆಗೆ ಎಷ್ಟು ಲೀಟರ್ ಸಾಗಿತು ಎಂಬ ಅಳತೆಯನ್ನೂ ನಾನು ನಿರೀಕ್ಷಿಸುತ್ತೇನೆ.

ಬಳಸಿ ಮುಗಿದ ಪುಡಿಯನ್ನು ಕೊನೆಗೆ ಏನು ಮಾಡುತ್ತೀರಿ? ಐದು ಸಲ ಮರುಬಳಕೆ ತೋರಿಸಿದರೆ ಸಾಕಲ್ಲವೇ?

ಐದು ಸಲದ ಪಟ್ಟಿಚಿತ್ರ ಬಹುತೇಕ ಲೇಖನಗಳಲ್ಲಿದೆ. ಅದಕ್ಕಿಂತ ಮುಖ್ಯವಾದವು ಅದರ ಹಿಂದಿನ ವಿವರಗಳು: ಪ್ರತಿ ಸಲ ಎಷ್ಟು ಪುಡಿ ಕಳೆದುಹೋಯಿತು, ಕಳೆದದ್ದನ್ನು ಹೊಸ ಪುಡಿಯಿಂದ ತುಂಬಿದಿರೋ ಇಲ್ಲವೋ, ತೊಳೆಯಲು ಎಷ್ಟು ಎಥೆನಾಲ್ ಅಥವಾ ಆಮ್ಲ ಬೇಕಾಯಿತು. ಒಂದು ಲೀಟರ್ ಬಣ್ಣದ ನೀರನ್ನು ತಿಳಿಗೊಳಿಸಿ ಅರ್ಧ ಲೀಟರ್ ಬಣ್ಣದ ಎಥೆನಾಲ್ ಉಳಿಸಿಕೊಂಡರೆ ಸಮಸ್ಯೆ ಸೀಸೆ ಬದಲಿಸಿತು, ಅಷ್ಟೆ. ಸಿಲಿಕಾ ಮತ್ತು ಜಿಯೋಲೈಟ್‌ಗಳಲ್ಲಿ ಅಂಟಿದ ಬಣ್ಣವನ್ನು ಗಾಳಿಯಲ್ಲಿ ಕಾಯಿಸಿ ಸುಡಬಹುದು, ಗೋಡೆ ಆ ಶಾಖವನ್ನು ತಾಳುತ್ತದೆ. ಗಂಧಕ ಮತ್ತು ಕ್ಲೋರಿನ್ ಇರುವ ಬಣ್ಣಗಳನ್ನು ಸುಡುವಾಗ ಹೊರಬರುವ ಅನಿಲವನ್ನು ಕ್ಷಾರದ ಮೂಲಕ ಹಾಯಿಸಬೇಕು. ಎಂಒಎಫ್‌ಗಳಲ್ಲಿ ಸುಡುವ ದಾರಿಯಿಲ್ಲ, ಸಾವಯವ ಕೊಂಡಿಗಳೂ ಉರಿದುಹೋಗುತ್ತವೆ. ಹೀರಿಕೆಯ ಗೋಡೆಯ ಮೇಲೆಯೇ ವೇಗವರ್ಧಕ ತಾಣಗಳನ್ನು ಕೂರಿಸಿ, ಮೊದಲು ಬಣ್ಣವನ್ನು ಒಟ್ಟುಗೂಡಿಸಿ, ನಂತರ ಸ್ವಲ್ಪವೇ ನೀರಿನಲ್ಲಿ ಪೆರಾಕ್ಸೈಡ್ ಅಥವಾ ಬೆಳಕಿನಿಂದ ಅಲ್ಲಿಯೇ ಒಡೆಯುವ ವಿಧಾನದ ಮೇಲೆ ನಾವು ಈಗ ಕೆಲಸ ಮಾಡುತ್ತಿರುವುದು ಇದೇ ಕಾರಣಕ್ಕೆ. ಪುಡಿ ಪೂರ್ತಿ ಸೋತ ಮೇಲೆ, ಅದರಲ್ಲಿ ಭಾರ ಲೋಹಗಳಿದ್ದರೆ ಅದು ಅಪಾಯಕಾರಿ ತ್ಯಾಜ್ಯದ ಡಬ್ಬಿಗೇ ಹೋಗುತ್ತದೆ. ಸಿಂಕಿಗೂ ಇಲ್ಲ, ಕಸದ ಬುಟ್ಟಿಗೂ ಇಲ್ಲ.